ಎರಡು ಮಿಡಿತದ ಗಿರಾಕಿ

ಹಗ್ಗ ಬಿಚ್ಚಿ ಹೊರಟ ಹಡಗಿನ ಖಾಲಿ ಕೋಣೆಗೆ ಗಿರಾಕಿ ಸಿಗುವುದಿಲ್ಲ. ಬಂದರು ಬಿಟ್ಟ ಕ್ಷಣಕ್ಕೆ ಅದರ ಬೆಲೆ ಸೊನ್ನೆ. ಎಂಜಿನ್ನು ಕುಡಿಯುವ ಎಣ್ಣೆ ಕಡಿಮೆಯಾಗುವುದಿಲ್ಲ, ಅಡುಗೆಯವರ ಸಂಬಳ ಕಡಿಮೆಯಾಗುವುದಿಲ್ಲ, ಕೋಣೆ ಮಾತ್ರ ಸುಮ್ಮನೆ ಕೊಳೆಯುತ್ತದೆ. ‘ನೀಲಯಾನ’ ಕಂಪನಿಯವರು ಇದನ್ನು ಬಹಳ ವರ್ಷ ನಷ್ಟ ಅನುಭವಿಸಿ ಕಲಿತರು. ಮಂಗಳೂರಿನ ಮೀನು ಮಾರುವ ಹೆಂಗಸರಿಗೆ ಇದು ಬುಟ್ಟಿ ಹೊತ್ತ ಮೊದಲ ದಿನವೇ ಗೊತ್ತಿತ್ತು. ಬಂಗುಡೆಗೆ ಬೆಳಗ್ಗೆ ಒಂದು ಬೆಲೆ, ಮಧ್ಯಾಹ್ನಕ್ಕೆ ಇನ್ನೊಂದು. ಸಂಜೆ ಐದು ದಾಟಿದರೆ ಅದು ಬೆಕ್ಕಿನ ಪಾಲು.

ಹಾಗಾಗಿ ದರ ಕಟ್ಟುವ ಯಂತ್ರಕ್ಕೆ ಪಾಠ ಹೇಳಿಸಲು ಕಂಪನಿ ಮೀನು ಮಾರ್ಕೆಟ್ಟಿಗೆ ಬಂತು. ನಲವತ್ತು ಹೆಂಗಸರ ಬುಟ್ಟಿಯ ಮುಂದೆ ಒಂದೊಂದು ತೆಳುವಾದ ಹಾಸು ಹಾಕಿತು. ಗಿರಾಕಿ ಅದರ ಮೇಲೆ ನಿಂತರೆ ಸಾಕು. ಎದೆಬಡಿತ, ಉಸಿರು, ಮೈಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಸರಿಯಿತು, ಎಲ್ಲವೂ ಪಾದದ ಮೂಲಕ ದಾಖಲಾಗುತ್ತಿತ್ತು. ಆ ಹೊತ್ತಿಗೆ ಎದುರಿನ ಹೆಂಗಸು ಎಷ್ಟು ಹೇಳಿದಳು, ಎಲ್ಲಿ ಬಿಗಿ ಹಿಡಿದಳು, ಎಲ್ಲಿ ಇಳಿದಳು ಎನ್ನುವುದೂ ಕ್ಯಾಮೆರಾದಲ್ಲಿ ದಾಖಲಾಗುತ್ತಿತ್ತು. ಎರಡು ವರ್ಷ ಹೀಗೆ ನೋಡಿ ನೋಡಿ, ಮನುಷ್ಯನ ಒಳಗಿನ ಆಸೆ ಎಷ್ಟೆಂದು ಅಳೆಯುವುದನ್ನು ಯಂತ್ರ ಕಲಿಯಿತು. ಅದಕ್ಕೆ ಆಸೆಮಾಪಕ ಎಂದು ಹೆಸರಿಟ್ಟರು.

ಅಲ್ಲಿಂದಾಚೆಗೆ, ಮೇಲಿನ ಅಂತಸ್ತುಗಳ ಶ್ರೀಮಂತ ಅತಿಥಿಗಳನ್ನು ಬಿಟ್ಟರೆ, ಟಿಕೆಟ್ಟಿನ ಮಾತೇ ಉಳಿಯಲಿಲ್ಲ. ಹೊರಡುವ ಹೊತ್ತಿಗೆ ಖಾಲಿ ಇದ್ದ ಕೋಣೆಗಳನ್ನು ಪುಕ್ಕಟೆ ಕೊಡತೊಡಗಿದರು. ಕಡಲು ತೀರದ ಮನೆಗಳನ್ನು ನುಂಗಿದ ಮೇಲೆ ನೆಲದ ಮೇಲೆ ಬಾಡಿಗೆ ಕೊಡಲಾಗದವರು ಸಂಸಾರ ಸಮೇತ ಹಡಗು ಹತ್ತಿದರು. ನೀರಿನ ಮಟ್ಟಕ್ಕಿಂತ ಕೆಳಗಿನ ಮೂರು ಅಂತಸ್ತುಗಳಲ್ಲಿ, ಕಿಟಕಿಯಿಲ್ಲದ ಕೋಣೆಗಳಲ್ಲಿ ಅವರ ವಾಸ. ಹಡಗಿನ ಭಾಷೆಯಲ್ಲಿ ಅವರು ‘ಭರ್ತಿಯವರು’. ದಿನಕ್ಕೆ ಎರಡು ಹೊತ್ತು ಗಂಜಿ ಕಂಪನಿಯದು. ಉಳಿದದ್ದೆಲ್ಲ, ಹಾಲು, ಹಣ್ಣು, ಮೀನು, ಮಾತ್ರೆ, ಸಾಬೂನು, ಹಡಗಿನ ಹನ್ನೊಂದು ಗೂಡಂಗಡಿಗಳಲ್ಲಿ ಸಿಗುತ್ತಿತ್ತು.

ಆ ಗೂಡಂಗಡಿಗಳಲ್ಲಿ ಮನುಷ್ಯರಿರಲಿಲ್ಲ, ಬೆಲೆಯ ಚೀಟಿಯೂ ಇರಲಿಲ್ಲ. ಹಾಸಿನ ಮೇಲೆ ನಿಂತು ಕೇಳಿದಾಗಲೇ ಬೆಲೆ ಹುಟ್ಟುತ್ತಿತ್ತು. ಬೇಕು ಅನ್ನಿಸಿದಷ್ಟೂ ಬೆಲೆ ಜಾಸ್ತಿ. ಕಿತ್ತಳೆ ಇದ್ದರೆ ಒಳ್ಳೆಯದಿತ್ತು ಎನ್ನುವವನಿಗೆ ಒಂದು ಬೆಲೆಯಾದರೆ, ಜ್ವರದ ಮಗುವಿಗೆ ಕಿತ್ತಳೆ ಕೇಳುವವಳಿಗೆ ಅದರ ಆರು ಪಟ್ಟು. ಜನ ಅದಕ್ಕೂ ಒಗ್ಗಿಕೊಂಡರು. ಹಣ್ಣು ತರಲು ಹೊಟ್ಟೆ ತುಂಬಿದವರನ್ನೇ ಕಳಿಸುತ್ತಿದ್ದರು. ಅಳುವ ಮಗುವನ್ನು ಹಾಸಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಿಸುತ್ತಿದ್ದರು. ಹಾಲು ಕೇಳುವ ಮುಂಚೆ ತಾಯಂದಿರು ಒಗೆಯದೆ ಬಿದ್ದ ಬಟ್ಟೆಯನ್ನೋ ತಿಕ್ಕದೆ ಉಳಿದ ಪಾತ್ರೆಯನ್ನೋ ನೆನೆಸಿಕೊಂಡು ಮನಸ್ಸನ್ನು ತಣ್ಣಗೆ ಮಾಡಿಕೊಳ್ಳುತ್ತಿದ್ದರು. ಮಕ್ಕಳಿಗೆ ಅಕ್ಷರಕ್ಕೂ ಮೊದಲು ಕಲಿಸುತ್ತಿದ್ದ ಪಾಠ ಒಂದೇ: ಬೇಕು ಅಂತ ಮುಖ ಮಾಡಬೇಡ.

ಪ್ರಫುಲ್ಲಾ ಮೆಂಡನ್ ಆ ಹಡಗಿನ ದರಕೋಣೆಯಲ್ಲಿ ಕೆಲಸಕ್ಕಿದ್ದಳು. ಅವಳ ತಾಯಿ ವಾರಿಜ ಆ ನಲವತ್ತು ಹೆಂಗಸರಲ್ಲಿ ಒಬ್ಬಳು.

*

“ಪ್ರಫುಲ್ಲಾ ಅವರ, ಸ್ವಲ್ಪ ಇಲ್ಲಿ ಬಂದು ನೋಡ್ರಿ,” ಎಂದರು ಇನಾಮದಾರ್.

ದರಕೋಣೆಯ ಮುಖ್ಯಸ್ಥ ಪ್ರಹ್ಲಾದ ಇನಾಮದಾರ್ ಧಾರವಾಡದ ಕಡೆಯವರು. ದನಿ ಏರಿಸುವವರಲ್ಲ. ಸಿಟ್ಟು ಬಂದಷ್ಟೂ ಅವರ ಮಾತು ಮೆತ್ತಗಾಗುತ್ತಿತ್ತು. ಅವತ್ತು ಬೆಳಗ್ಗೆ ಅದು ಬೆಣ್ಣೆಯ ಹಾಗಿತ್ತು.

ಗೋಡೆಯಗಲದ ಪರದೆಯಲ್ಲಿ ಹನ್ನೊಂದು ಗೂಡಂಗಡಿಗಳ ಮಾರಾಟ ಸಾಲುಸಾಲಾಗಿ ಏರಿಳಿಯುತ್ತಿತ್ತು. ನಡುನಡುವೆ ಸೊನ್ನೆಗಳು. ಹಾಲಿನ ಪುಡಿ, ಸೊನ್ನೆ. ಅಡುಗೆ ಎಣ್ಣೆ, ಸೊನ್ನೆ. ದ್ರಾಕ್ಷಿ, ಜ್ವರದ ಮಾತ್ರೆ, ಮಕ್ಕಳ ಚಡ್ಡಿ, ಕೊಡೆ, ಎಲ್ಲ ಸೊನ್ನೆ.

“ಮೂರು ವಾರದಿಂದ ಸೋರಲಿಕ್ಕೆ ಹತ್ತೇದ. ಯಂತ್ರ ಪುಕ್ಕಟೆ ಕೊಡ್ತದ. ನಡುಕಡಲಿನಾಗ ಕೊಡೆ ಯಾರಿಗೆ ಬೇಕ್ರಿ?”

“ಹಾಸು ಹಾಳಾಗಿರಬಹುದು ಸರ್.”

“ಹನ್ನೊಂದೂ ಹಾಳಾಗ್ಯಾವೇನು? ಹಾಸಿನ ದಾಖಲೆಯ ಗೆರೆ ತೆಗೀರಿ.”

ಪ್ರಫುಲ್ಲಾ ತೆಗೆದಳು. ಸೊನ್ನೆ ಬಂದಲ್ಲೆಲ್ಲ ಹಾಸು ಒಬ್ಬರ ಪಾದದಡಿ ಎರಡು ಮಿಡಿತ ದಾಖಲಿಸಿತ್ತು. ಒಂದು ನಿಮಿಷಕ್ಕೆ ತೊಂಬತ್ತರ ಆಚೀಚೆ, ದಣಿದದ್ದು. ಅದರ ಕೆಳಗೆ ಇನ್ನೊಂದು, ಸಣ್ಣದು, ನೂರ ನಲವತ್ತರ ಓಟದಲ್ಲಿ.

ಅವಳಿಗೆ ತಕ್ಷಣ ಅರ್ಥವಾಯಿತು. ಮಾರ್ಕೆಟ್ಟಿನ ಕಲ್ಲಿನ ಮೇಲೆ, ಅಮ್ಮನ ಬುಟ್ಟಿಯ ಹಿಂದೆ ಕುಳಿತು ಶಾಲೆಯ ಲೆಕ್ಕ ಮಾಡಿದವಳು ಅವಳು. ಬಸುರಿ ಬಂದು ಮೀನು ನೋಡಿ ನಿಂತರೆ ಅಲ್ಲಿ ಯಾರೂ ಬೆಲೆ ಹೇಳುತ್ತಿರಲಿಲ್ಲ. ಒಳ್ಳೆಯದೊಂದನ್ನು ಆರಿಸಿ ಎಲೆಯಲ್ಲಿ ಸುತ್ತಿ ಅವಳ ಕೈಗಿಡುತ್ತಿದ್ದರು. ಬಯಕೆಗೆ ಬೆಲೆ ಕಟ್ಟಬಾರದು ಎನ್ನುವುದು ಅಲ್ಲಿನ ರೂಢಿ. ಅದನ್ನು ಯಂತ್ರಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಅದು ಎರಡು ವರ್ಷ ನೋಡಿತ್ತು, ಅಷ್ಟೆ.

ನಗು ಬಂತು. ಪ್ರಫುಲ್ಲಾ ಪರದೆಯತ್ತ ಬಗ್ಗಿ ಅದನ್ನು ನುಂಗಿಕೊಂಡಳು.

“ಗರ್ಭಿಣಿ ಇದ್ದಾಳಂತ ಕಾಣ್ತದ,” ಎಂದರು ಇನಾಮದಾರ್. ಅವರೂ ದಡ್ಡರಲ್ಲ. “ಒಬ್ಬಾಕಿನ. ಕೆಳಗಿನ ಭರ್ತಿಯಾಕಿ. ಎರಡನೇ ಮಿಡಿತ ಬಂದ್ರ ಅದನ್ನ ಎಣಿಸಬ್ಯಾಡಂತ ಯಂತ್ರಕ್ಕ ಹೇಳಿಬಿಡ್ರಿ. ನಾಡಿದ್ದು ಕೊಚ್ಚಿ ಬರ್ತದ. ಅದರೊಳಗ ಮುಗೀಬೇಕು. ಮುಗೀಲಿಲ್ಲ ಅಂದ್ರ ನಿಮ್ಮ ಕೋಣಿ ಬ್ಯಾರೆಯವರಿಗೆ ಕೊಡಬೇಕಾಗ್ತದ. ಕೆಳಗ ಭರ್ತಿಯವರ ಕಡೆ ಹೋದ್ರ ನಿಮ್ಮ ತಾಯಿಯವರಿಗೆ ಮೆಟ್ಟಿಲು ಹತ್ತೂದು ಕಷ್ಟ ಅಲ್ಲೇನು?”

*

ಸಿಬ್ಬಂದಿಯ ಕೋಣೆಗೆ ತೆಂಗಿನಕಾಯಿಯಷ್ಟು ದೊಡ್ಡ ಗುಂಡು ಕಿಟಕಿಯೊಂದಿತ್ತು. ವಾರಿಜ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದಳು. ಬಾಗಿಲ ಮುಂದೆ ಯಾರೋ ಎಲೆಯಡಿಕೆ ಉಗಿದು ಹೋಗಿದ್ದನ್ನು ಒರೆಸಿ ಬಂದ ಮಗಳು ಬಟ್ಟೆ ತೊಳೆಯುವಾಗ ಅವಳು ಕೇಳಿದಳು, “ಇವತ್ತು ಸಹಾ ಉಗಿದಿದ್ದಾರಾ?”

“ಹೂಂ.”

“ಉಗಿಯದೆ ಎಂತ ಮಾಡ್ತಾರೆ. ಅವರ ಹಸಿವು ನೋಡಿ ಬೆಲೆ ಹಾಕುದು ನೀನಲ್ವಾ.”

“ಹಾಕುದು ನಾನಲ್ಲ, ನೀವು ನಲವತ್ತು ಜನ,” ಎಂದಳು ಪ್ರಫುಲ್ಲಾ. ಬೆಳಗಿನ ಸಂಗತಿ ಹೇಳಿದರೆ ಅಮ್ಮನ ಮುಖ ಸಡಿಲವಾದೀತು ಅನ್ನಿಸಿತು. “ಅಮ್ಮ, ನಿಮ್ಮ ಯಂತ್ರ ಬಸುರಿಗೆ ಪುಕ್ಕಟೆ ಕೊಡ್ಲಿಕ್ಕೆ ಸುರು ಮಾಡಿದೆ. ಕೇಳಿದ್ದೆಲ್ಲ ಕೊಡ್ತದೆ. ಎಲ್ಲಿ ಕಲಿತದ್ದು ಹೇಳು?”

ವಾರಿಜ ನಗಲಿಲ್ಲ. “ಕೇಳಿದ್ದೆಲ್ಲವಾ?”

“ಹೌದು. ಕೊಡೆ ಕೂಡ.”

“ಬಸುರಿಗೆ ಕೊಡೆ ಎಂತಕ್ಕೆ ಮಾರಾಯ್ತಿ? ಅವಳ ಹಿಂದೆ ಯಾರು ನಿಂತಿದ್ರು?”

ಅದನ್ನು ಪ್ರಫುಲ್ಲಾ ನೋಡಿರಲಿಲ್ಲ. ಗೆರೆಗಳಲ್ಲಿ ಅವಳು ಎರಡು ಮಿಡಿತ ಮಾತ್ರ ಹುಡುಕಿದ್ದಳು.

“ಹೋಗಿ ನೋಡಿ ಬಾ,” ಎಂದಳು ವಾರಿಜ. “ಗೋಡೆಯಲ್ಲಿ ನೋಡುದಲ್ಲ. ಕಾಲಲ್ಲಿ ಹೋಗಿ ನೋಡು.”

*

ಭರ್ತಿಯವರು ಲಿಫ್ಟು ಬಳಸುವಂತಿರಲಿಲ್ಲ. ನಾಲ್ಕನೇ ಅಂತಸ್ತಿನಿಂದ ಮೇಲೆ ಹೋಗುವ ಕಬ್ಬಿಣದ ಮೆಟ್ಟಿಲಿನ ಮೇಲೆ ಜನ ಸಾಲಾಗಿ ನಿಂತಿದ್ದರು. ಮೂವತ್ತು ಜನವಾದರೂ ಇದ್ದರು. ಎಲ್ಲರ ಕೈಯಲ್ಲಿ ಚೀಲ. ಪ್ರಫುಲ್ಲಾಳ ನೀಲಿ ಅಂಗಿ ಕಂಡದ್ದೇ ಮಾತು ನಿಂತಿತು. ಒಬ್ಬಳು ಮೂಗು ಮುಚ್ಚಿಕೊಂಡಳು.

“ದಾರಿ ಬಿಡಿ, ದರದಮ್ಮ ಬಂದ್ರು,” ಎಂದ ಒಬ್ಬ. “ಆಸೆ ಬಚ್ಚಿಟ್ಟುಕೊಳ್ಳಿ ಎಲ್ರೂ.”

ಸಾಲಿನ ತುದಿಯಲ್ಲಿ ಒಬ್ಬ ಮುದುಕಿ ಪುಸ್ತಕ ಹಿಡಿದು ಹೆಸರು ಕೂಗುತ್ತಿದ್ದಳು. ಬಿಗಿಯಾದ ತುರುಬು, ಕತ್ತಿನಲ್ಲಿ ಶಿಲುಬೆ. ಅವಳು ಸೆವ್ರಿನ್ ಬಾಯಿ. ಅವಳ ಎದುರು, ಕಂಬಿಗೆ ಆನಿಕೊಂಡು ಕುಳಿತವಳು, ಏಳು ತಿಂಗಳ ಬಸುರಿ ಸೊಸೆ ಲವೀನಾ. ಪಾದಗಳು ಉಬ್ಬಿ ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು.

“ನಾಲ್ಕನೇ ಅಂತಸ್ತು ಆಯ್ತು. ಇನ್ನು ಐದು, ಆರು,” ಎಂದಳು ಸೆವ್ರಿನ್ ಬಾಯಿ. “ಎದ್ದೇಳು ಮಗಾ. ಎಣ್ಣೆಯವರು ಕಾಯ್ತಿದ್ದಾರೆ.”

“ಮಾಂಯ್, ಐದು ನಿಮಿಷ,” ಎಂದಳು ಲವೀನಾ ಅತ್ತೆಗೆ.

“ಐದು ನಿಮಿಷಕ್ಕೆ ಎಷ್ಟು ಜನ ಹಿಂದೆ ಬೀಳ್ತಾರೆ ಗೊತ್ತುಂಟಾ? ನಾನು ನನಗಾಗಿ ಕೇಳ್ತೇನಾ? ಆ ಮಗುವಿಗೆ ಹಾಲಿಲ್ಲ, ಈ ಅಜ್ಜನಿಗೆ ಮಾತ್ರೆ ಇಲ್ಲ.”

ಅದೂ ಸುಳ್ಳಾಗಿರಲಿಲ್ಲ. ಆ ಸಾಲಿನಲ್ಲಿ ನಿಜಕ್ಕೂ ಹಾಲಿಲ್ಲದವರಿದ್ದರು. ಆದರೆ ಕೊಡೆಯವರೂ ಇದ್ದರು. ಮೊದಲ ವಾರ ಲವೀನಾಳನ್ನು ಕೇಳಿಕೊಂಡು ಬಂದವರು ಅವಳಿಗೆ ಹೂ ಕೊಟ್ಟಿದ್ದರಂತೆ, ತಲೆ ನೇವರಿಸಿದ್ದರಂತೆ. ಎರಡನೇ ವಾರ ಸರದಿ ಶುರುವಾಯಿತು. ಈಗ ಸರದಿ ತಪ್ಪಿದವರು ಅವಳನ್ನೇ ಬೈಯುತ್ತಿದ್ದರು.

ಪ್ರಫುಲ್ಲಾ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. “ನರ್ಸಿಗೆ ತೋರಿಸಿದ್ದೀಯಾ ಅಮ್ಮ?”

ಲವೀನಾ ಸುತ್ತ ನೋಡಿ ಮೆಲ್ಲಗೆ ಹೇಳಿದಳು. “ನಿನ್ನೆ ಸ್ವಲ್ಪ ರಕ್ತ ಕಂಡಿತು. ಮೆಟ್ಟಿಲು ಹತ್ತಬಾರದು, ಮಲಗಿಯೇ ಇರಬೇಕು ಅಂದ್ರು. ಇಲ್ಲದಿದ್ರೆ ಮಗು ಉಳಿಯುದಿಲ್ಲ ಅಂದ್ರು.”

“ಮತ್ತೆ ಹೇಳಲಿಲ್ವಾ ಇವರಿಗೆ?”

“ಎಲ್ಲರಿಗೂ ಹೇಳಿದೆ.” ಅವಳು ಸಾಲನ್ನು ನೋಡಿದಳು. “ಇದೊಂದು ಸರ್ತಿ ಅಂತಾರೆ. ಒಬ್ಬೊಬ್ಬರಿಗೂ ಒಂದೊಂದೇ ಸರ್ತಿ.”

“ನಾನು ಆ ಪುಕ್ಕಟೆ ನಿಲ್ಲಿಸಿಬಿಡ್ಲಾ? ಆಗ ಯಾರೂ ಕರ್ಕೊಂಡು ಹೋಗುದಿಲ್ಲ.”

ಲವೀನಾ ಬೆಚ್ಚಿದಳು. “ನಿಲ್ಲಿಸಿದ್ರೆ ನರ್ಸು ಬರೆದುಕೊಟ್ಟ ನನ್ನ ಮಾತ್ರೆಗೆ ಯಂತ್ರ ಎಷ್ಟು ಕೇಳ್ತದೆ ಅಂತ ಗೊತ್ತುಂಟಾ ನಿಮಗೆ? ಹೆದರಿಕೆ ಆದಷ್ಟು ಕೇಳ್ತದೆ. ನನಗೆ ಈಗ ಎಷ್ಟು ಹೆದರಿಕೆ ಉಂಟು ಅಂತ ನಿಮ್ಮ ಅಂಗಡಿ ಹಾಸಿಗೇ ಗೊತ್ತು.”

“ಆಯ್ತಾ ಉಪಕಾರ?” ಎಂದಳು ಸೆವ್ರಿನ್ ಬಾಯಿ. ಸೊಸೆಯ ಕಂಕುಳಿಗೆ ಕೈ ಹಾಕಿ ಎಬ್ಬಿಸಿದಳು. “ಮೊದಲು ನಮ್ಮ ಹೊಟ್ಟೆ ಅಳೆದ್ರಿ, ಈಗ ಅವಳದ್ದು ಅಳೀಲಿಕ್ಕೆ ಬಂದ್ರಿ. ಹೋಗಿ, ಹೋಗಿ.”

ಕಬ್ಬಿಣದ ಮೆಟ್ಟಿಲ ಮೇಲೆ ಆ ಉಬ್ಬಿದ ಪಾದಗಳು ಒಂದೊಂದಾಗಿ ಏರಿದವು. ಹಿಂದಿನಿಂದ ಮೂವತ್ತು ಚೀಲಗಳು.

*

ಎಲ್ಲವನ್ನೂ ಕೇಳಿ ವಾರಿಜ ಗಂಜಿಯ ಲೋಟ ಕೆಳಗಿಟ್ಟಳು.

“ನಿಮ್ಮವರು ಅರ್ಧ ಕಲಿಸಿದ್ದಾರೆ,” ಎಂದಳು.

“ಯಾವುದರಲ್ಲಿ ಅರ್ಧ?”

“ನಾವು ಬಸುರಿಗೆ ಕೊಡ್ತಿದ್ದದ್ದು ಹೌದು. ಒಂದು ಹೊತ್ತಿಗೆ ಆಗುವಷ್ಟು, ಅವಳದ್ದೇ ಕೈಗೆ. ಯಾರಾದ್ರೂ ಸೊಸೆಯನ್ನು ಮುಂದೆ ನಿಲ್ಲಿಸಿ ಮನೆಮಂದಿಗೆಲ್ಲ ಒಯ್ಯಲಿಕ್ಕೆ ಬಂದ್ರೆ ಕೊಡ್ತಿದ್ದೆವಾ? ನನ್ನ ಪಕ್ಕ ಕೂರ್ತಿದ್ದ ಕಲ್ಯಾಣಿ ಬುಟ್ಟಿ ಮುಚ್ಚಿ ಮೀನು ಮುಗಿಯಿತು ಅಂತಿದ್ದಳು. ಒಳಗೆ ಅಂಜಲು ಮೀನು ಬೆಳ್ಳಿ ಹಾಗೆ ಹೊಳೀತಿದ್ರೂ ಮುಗಿಯಿತು ಅಂದ್ರೆ ಮುಗಿಯಿತು.”

“ಅದು ಹೇಗೆ ಗೊತ್ತಾಗ್ತಿತ್ತು ನಿಮಗೆ, ಯಾರಿಗೆ ಬೇಕಾಗಿದೆ ಅಂತ?”

“ಕೇಳುವವಳ ಮುಖದಲ್ಲಿ ಆಸೆ ಇರುದಿಲ್ಲ. ಹಿಂದೆ ನಿಂತವಳ ಮುಖದಲ್ಲಿ ಇರ್ತದೆ. ಇದು ಗೊತ್ತಾಗ್ಲಿಕ್ಕೆ ಯಂತ್ರ ಬೇಕಾ?”

ಪ್ರಫುಲ್ಲಾ ಎದ್ದು ನಿಂತಳು. ಹಿಂದಿನವರೂ ನಿಲ್ಲುವಷ್ಟು ಅಗಲವಿದ್ದ ಗೂಡಂಗಡಿಯ ಹಾಸಿಗೂ ಅದು ಗೊತ್ತಿತ್ತು. ಕೇಳುವವಳ ಆಸೆಯನ್ನೂ ಹಿಂದೆ ನಿಂತವರ ಆಸೆಯನ್ನೂ ಅದು ಬೇರೆಬೇರೆಯಾಗಿಯೇ ಅಳೆಯುತ್ತಿತ್ತು. ಆದರೂ ಯಂತ್ರ ಯಾಕೆ ಒಮ್ಮೆಯೂ ‘ಇಲ್ಲ’ ಎನ್ನಲಿಲ್ಲ?

ದರಕೋಣೆಯ ಹಳೆಯ ಕಡತಗಳಲ್ಲಿ ಉತ್ತರವಿತ್ತು. ಮಾರ್ಕೆಟ್ಟಿನಲ್ಲಿ ದಾಖಲಾದ ಪ್ರಸಂಗಗಳಲ್ಲಿ ಮಾರಾಟವಾದವನ್ನು ಮಾತ್ರ ಯಂತ್ರಕ್ಕೆ ಓದಿಸಿದ್ದರು. ಮಾರಾಟವಾಗದೆ ಮುಗಿದವನ್ನೆಲ್ಲ ಕಸ ಎಂದು ಪಕ್ಕಕ್ಕೆ ಗುಡಿಸಿದ್ದರು. ಕೊಡುವುದು ಮಾತ್ರ ನೋಡಿದ ಯಂತ್ರಕ್ಕೆ ಕೊಡದೆ ಇರುವುದು ಎಂಬುದೊಂದು ಇದೆ ಎನ್ನುವುದೇ ಗೊತ್ತಿರಲಿಲ್ಲ. ಆ ಕಸ ಇನ್ನೂ ಅಲ್ಲೇ ಇತ್ತು. ಸಾವಿರಾರು ತುಣುಕುಗಳು. ಗಿರಾಕಿ ಬರುತ್ತಾನೆ, ಮಾತಾಗುತ್ತದೆ, ಬರಿಗೈಯಲ್ಲಿ ಹೋಗುತ್ತಾನೆ. ಯಾಕೆ ಎನ್ನುವುದು ಮಾತ್ರ ಎಲ್ಲೂ ಬರೆದಿರಲಿಲ್ಲ.

“ನೀನು ಬಂದು ಹೇಳ್ಬೇಕು ಅಮ್ಮ. ಯಾರು ಯಾಕೆ ಇಲ್ಲ ಅಂದ್ರು ಅಂತ.”

“ನಾನು ಆ ಕೋಣೆಗೆ ಕಾಲಿಡುದಿಲ್ಲ. ಒಮ್ಮೆ ಕಲಿಸಿದ್ದು ಸಾಲದಾ? ನಮ್ಮ ಬಾಯಿಯಿಂದ ತೆಗೆದು ಈ ಜನರ ಹೊಟ್ಟೆ ಮೇಲೆ ಹೊಡೆದಿರಿ.”

“ಬರುದಿಲ್ಲ ಅಂದ್ರೆ ನಾನು ಇನಾಮದಾರ್ ಹೇಳಿದ ಹಾಗೆ ಎರಡನೇ ಮಿಡಿತ ಅಳಿಸಬೇಕು. ಅವಳು ಮಾತ್ರೆ ಇಲ್ಲದೆ ಮಲಗ್ತಾಳೆ. ಅಳಿಸದಿದ್ರೆ ಮೆಟ್ಟಿಲ ಮೇಲೆ ಮಗು ಹೋಗ್ತದೆ. ಮೂರನೇ ದಾರಿ ನಿನ್ನ ಹತ್ತಿರ ಉಂಟು. ಇಟ್ಟುಕೊಂಡು ಕೂತ್ಕೊ.”

ಬೇರೆ ಯಾವತ್ತಾದರೂ ಆಗಿದ್ದರೆ ವಾರಿಜ ಇಂಥ ಮಾತಿಗೆ ಎರಡು ದಿನ ಮಾತು ಬಿಡುತ್ತಿದ್ದಳು. ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಇನಾಮದಾರ್ ಎರಡು ದಿನವೂ ಮೇಲಿನ ಅಂತಸ್ತಿನ ಅತಿಥಿಗಳ ಸಭೆಯಲ್ಲಿದ್ದರು. ಆ ದಿನ ಮಧ್ಯಾಹ್ನವೂ, ಮರುದಿನ ಬೆಳಗಿನಿಂದ ಸಂಜೆಯವರೆಗೂ ತಾಯಿ ಮಗಳು ಪ್ರಯೋಗದ ಸಣ್ಣ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರು. ಪರದೆಯ ಮೇಲೆ ಹಳೆಯ ಮಾರ್ಕೆಟ್ಟು. ನಲವತ್ತು ಜನರಲ್ಲಿ ಈಗ ಹದಿನಾರು ಜನ ಇರಲಿಲ್ಲ. ಕಲ್ಯಾಣಿ ತೀರಿಹೋಗಿ ಆರು ವರ್ಷವಾಗಿತ್ತು. ಅವಳು ಪರದೆಯಲ್ಲಿ ಎಲೆಯಡಿಕೆ ಜಗಿಯುತ್ತ, ಕಾರಿನಿಂದಿಳಿದು ಬಂದ ಹೋಟೆಲಿನವನಿಗೆ ಬೆನ್ನು ತಿರುಗಿಸಿ ಕೂತಿದ್ದಳು.

“ಇದು ಯಾಕೆ?” ಎಂದು ಕೇಳಿದಳು ಪ್ರಫುಲ್ಲಾ.

“ಅವನಿಗೆ ಬುಟ್ಟಿ ಇಡೀ ಬೇಕಾಗಿತ್ತು. ಊರಿನ ಮನೆಗಳಿಗೆ ಸಿಗುವ ಮೊದಲು ಇಡೀ ಬುಟ್ಟಿ ಒಬ್ಬನಿಗೆ ಕೊಡುದಿಲ್ಲ.”

“ಇದು?”

“ಇವನು ತೆಗೊಂಡು ಪಕ್ಕದ ಬೀದಿಯಲ್ಲಿ ಡಬ್ಬಲ್ಲಿಗೆ ಮಾರುವವ. ಹಾಳಾಗಿ ಹೋಗ್ಲಿ ಅಂತ ಬೈದಳು, ಕೇಳ್ತಿಲ್ವಾ?”

“ಇದು? ಇಲ್ಲಿ ನೀನೇ.”

ಪರದೆಯ ವಾರಿಜ ಇನ್ನೂ ಕಪ್ಪು ಕೂದಲಿನವಳು. ಅವಳೆದುರು ಒಬ್ಬ ಗಂಡಸು, ಅವನ ಮುಂದೆ ತಲೆ ತಗ್ಗಿಸಿದ ಬಸುರಿ. ಗಂಡಸು ಅವಳ ಮೊಣಕೈ ಹಿಂಡುತ್ತಿದ್ದ.

“ಮೂರನೇ ದಿನ ಕರ್ಕೊಂಡು ಬಂದಿದ್ದ,” ಎಂದಳು ವಾರಿಜ. “ಅವನಿಗೆ ಇಲ್ಲ ಅಂದೆ. ಅವಳನ್ನು ನನ್ನ ಪಕ್ಕ ಕೂರಿಸಿ ನನ್ನ ಬುತ್ತಿಯ ಅನ್ನ ಹಾಕಿದೆ. ಅವಳು ಉಂಡು ಏಳುವವರೆಗೆ ಅವ ಬಿಸಿಲಲ್ಲಿ ನಿಂತಿದ್ದ. ನಿಲ್ಲಲಿ ಅಂದೆ.”

ಒಂದೊಂದು ತುಣುಕಿಗೂ ಕಾರಣ ಬರೆದು ಯಂತ್ರಕ್ಕೆ ಓದಿಸುತ್ತ ಹೋದರು. ಆರುನೂರ ಹನ್ನೆರಡು ‘ಇಲ್ಲ’ಗಳು. ಕೊನೆಕೊನೆಗೆ ಯಂತ್ರ ತಾನೇ ಮುಂದಿನ ತುಣುಕು ನೋಡಿ, ಹೆಂಗಸು ಬಾಯಿ ತೆರೆಯುವ ಮುಂಚೆಯೇ ‘ಕೊಡುವುದಿಲ್ಲ’ ಎಂದು ಬರೆಯತೊಡಗಿತು.

“ಈಗ ಸರಿ ಉಂಟು,” ಎಂದಳು ವಾರಿಜ. ಮುಖದಲ್ಲಿ ಸಂತೋಷವೇನೂ ಇರಲಿಲ್ಲ. “ಇನ್ನು ಇದನ್ನು ಯಾರೂ ಮೆಚ್ಚುದಿಲ್ಲ ನೋಡು. ಕೆಳಗಿನವರೂ ಮೆಚ್ಚುದಿಲ್ಲ, ಮೇಲಿನವರೂ ಮೆಚ್ಚುದಿಲ್ಲ.”

*

ಕೊಚ್ಚಿ ತಲುಪುವ ದಿನ ಬೆಳಗ್ಗೆ ಎಂಟಕ್ಕೆ ಪ್ರಫುಲ್ಲಾ ಹೊಸ ಪಾಠವನ್ನು ಹನ್ನೊಂದು ಗೂಡಂಗಡಿಗಳಿಗೂ ಕಳಿಸಿದಳು.

ಎಂಟೂವರೆಗೆ ಮೇಲಿನ ಅಂತಸ್ತಿನ ಒಬ್ಬ ಅತಿಥಿ ತನ್ನ ಗೆಳೆಯರ ಕೂಟಕ್ಕೆಂದು ಅಲ್ಲಿದ್ದ ಸಿಗಡಿಯನ್ನೆಲ್ಲ ಕೇಳಿದ. ಎಷ್ಟಾದರೂ ಕೊಡುತ್ತೇನೆಂದ. ಗೂಡಂಗಡಿ ಮೊದಲ ಬಾರಿಗೆ ಬೆಲೆ ಹೇಳದೆ ಸುಮ್ಮನಾಯಿತು. ಆಮೇಲೆ ಪರದೆಯಲ್ಲಿ ಒಂದೇ ಪದ ಮೂಡಿತು: ಕೊಡುವುದಿಲ್ಲ. ಅತಿಥಿ ಗೂಡಂಗಡಿಯನ್ನು ಒದ್ದ.

ಎಂಟು ಮುಕ್ಕಾಲಿಗೆ ಇನಾಮದಾರ್ ದರಕೋಣೆಯೊಳಕ್ಕೆ ಬಂದರು.

“ಏನು ಮಾಡೀರಿ ಇದನ್ನ?” ದನಿ ಪಿಸುಮಾತಿನಷ್ಟು ಮೆತ್ತಗಿತ್ತು.

“ಸೋರಿಕೆ ನಿಲ್ಲಿಸಿದ್ದೇನೆ ಸರ್.”

“ಮಾರೂದಿಲ್ಲ ಅಂತ ಹೇಳೂ ಅಂಗಡಿಗೆ ಅಂಗಡಿ ಅಂತಾರೇನ್ರಿ? ಮೊದಲಿನ ಹಂಗ ಮಾಡ್ರಿ. ಈಗ.”

ಪಾಠವನ್ನು ಹಿಂದಕ್ಕೆ ತೆಗೆಯಲು ಇಬ್ಬರ ಅಂಗೈ ಬೇಕಿತ್ತು, ಮುಖ್ಯಸ್ಥರದೂ ಪಾಳಿಯವಳದೂ. ಇನಾಮದಾರ್ ತಮ್ಮ ಕೈಯನ್ನು ಗಾಜಿನ ಫಲಕದ ಮೇಲೆ ಇಟ್ಟರು. ಪ್ರಫುಲ್ಲಾ ತನ್ನ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಪರದೆ ನೋಡುತ್ತಿದ್ದಳು. ಐದನೇ ಅಂತಸ್ತಿನ ಗೂಡಂಗಡಿಯ ಮುಂದೆ ಸಾಲು ಬಂದು ನಿಂತಿತ್ತು. ಎದುರಿಗೆ ಲವೀನಾ.

“ಅಡುಗೆ ಎಣ್ಣೆ,” ಎಂದಳು ಲವೀನಾ.

ಕೊಡುವುದಿಲ್ಲ.

ಹಿಂದೆ ಗುಸುಗುಸು ಎದ್ದಿತು. “ಸರಿಯಾಗಿ ನಿಲ್ಲು,” ಎಂದಳು ಸೆವ್ರಿನ್ ಬಾಯಿ. “ಹೊಟ್ಟೆ ಮುಂದೆ ಮಾಡಿ ನಿಲ್ಲು. ಇನ್ನೊಮ್ಮೆ ಕೇಳು.”

“ಹಾಲಿನ ಪುಡಿ.”

ಕೊಡುವುದಿಲ್ಲ.

“ಇವಳಿಗೆ ಕೇಳ್ಲಿಕ್ಕೆ ಮನಸ್ಸಿಲ್ಲ,” ಎಂದ ಚೀಲ ಹಿಡಿದ ಒಬ್ಬ. “ಬೇಕಂತಲೇ ಮಾಡ್ತಾಳೆ.”

“ನಿನ್ನೆ ನಿಮಗೆ ಸಿಕ್ಕಿತಲ್ಲ, ಅದಕ್ಕೆ ಇವತ್ತು ನಮಗಿಲ್ಲ.”

“ನಾಟಕ. ಅತ್ತೆ ಸೊಸೆ ಸೇರಿ ನಾಟಕ.”

ಸಾಲು ಮುರಿದು ಜನ ಹತ್ತಿರ ಒತ್ತಿದರು. ಲವೀನಾ ಒಂದು ಕೈಯಲ್ಲಿ ಗೂಡಂಗಡಿಯ ಅಂಚು ಹಿಡಿದುಕೊಂಡಳು. ಹಾಸಿನ ಗೆರೆಯಲ್ಲಿ ಅವಳ ಮಿಡಿತ ನೂರ ಹತ್ತು ದಾಟಿತು. ದರಕೋಣೆಯಲ್ಲಿ ಪ್ರಫುಲ್ಲಾ ಪರದೆಯತ್ತ ಬಗ್ಗಿದಳು. ಜನ ಹೀಗೆ ಮೈಮೇಲೆ ಬೀಳಬಹುದು ಎಂದು ಅಮ್ಮನೂ ಹೇಳಿರಲಿಲ್ಲ, ತಾನೂ ಯೋಚಿಸಿರಲಿಲ್ಲ.

“ಕೈ ಇಡ್ರಿ ಪ್ರಫುಲ್ಲಾ,” ಎಂದರು ಇನಾಮದಾರ್. “ನೋಡ್ರಿ, ಆಕಿನ್ನ ಹೆಂಗ ಮುತ್ತಿಗಿ ಹಾಕ್ಯಾರ. ನೀವು ಉಪಕಾರ ಮಾಡಿದ ಪರಿ ಇದು.”

ಕೈ ಇಟ್ಟುಬಿಡೋಣ ಅನ್ನಿಸಿತು ಅವಳಿಗೆ. ಅರ್ಧ ಎತ್ತಿದಳು ಕೂಡ.

ಅಷ್ಟರಲ್ಲಿ ಲವೀನಾ ಏನೋ ಹೇಳಿದಳು. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಗೂಡಂಗಡಿಗೆ ಕೇಳಿಸಿತು. ಅವಳು ಕೇಳಿದ್ದು ಪರದೆಯ ಮೇಲೆ ಅಕ್ಷರಗಳಾಗಿ ಬಂತು: ನನಗೆ ಅನ್ನ, ಬಂಗುಡೆ ಸಾರು.

ಮೂರು ವಾರದಲ್ಲಿ, ಮಾತ್ರೆ ಬಿಟ್ಟರೆ, ಅವಳು ತನಗೆಂದು ಕೇಳಿದ್ದು ಅದೇ ಮೊದಲು. ಹಾಸಿನ ಮೇಲೆ ಅವಳ ಆಸೆಯ ಗೆರೆ ಸರ್ರನೆ ಮೇಲೆದ್ದಿತು. ಬೆಲೆ ಸೊನ್ನೆ. ಬಾಗಿಲು ಸರಿದು ಹಬೆಯಾಡುವ ತಟ್ಟೆಯೊಂದು ಹೊರಬಂತು. ಅದರ ಅಂಚಿನಲ್ಲಿ ಕಾಗದದ ಪೊಟ್ಟಣದೊಳಗೆ ಅವಳ ದಿನದ ಮಾತ್ರೆ. ಇವತ್ತು ಅದನ್ನು ಅವಳು ಬಾಯಿ ಬಿಟ್ಟು ಕೇಳಿರಲಿಲ್ಲ. ಹಿಂದಿನ ದಿನಗಳಲ್ಲಿ ಅವಳು ಹೆದರಿ ಕೇಳಿದ್ದನ್ನು ಯಂತ್ರ ನೆನಪಿಟ್ಟುಕೊಂಡಿತ್ತು.

ಸೆವ್ರಿನ್ ಬಾಯಿ ತಟ್ಟೆಗೆ ಕೈ ಚಾಚಿದಳು. ಗೂಡಂಗಡಿಯ ಉಕ್ಕಿನ ಬಾಗಿಲು ತಟ್ಟೆಯ ಮೇಲೆ ಮತ್ತೆ ಇಳಿಯಿತು. ಅವಳು ಕೈ ಹಿಂತೆಗೆದಳು, ಬಾಗಿಲು ಏರಿತು. ಮತ್ತೆ ಚಾಚಿದಳು, ಮತ್ತೆ ಇಳಿಯಿತು. ಎಲ್ಲರೂ ಅದನ್ನು ನೋಡಿದರು.

“ಓಹೋ,” ಎಂದಳೊಬ್ಬಳು. “ಮಹಾರಾಣಿಗೆ ಮಾತ್ರವಂತೆ.”

ಲವೀನಾ ತಟ್ಟೆ ತೆಗೆದುಕೊಂಡಳು. ನಿಂತಲ್ಲೇ ಒಂದು ತುತ್ತು ತಿಂದಳು. ಮೂವತ್ತು ಜನ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಯಾರೂ ಕಣ್ಣು ತೆಗೆಯಲಿಲ್ಲ. ಅವರಲ್ಲಿ ಬೆಳಗಿನ ಗಂಜಿಯೊಂದೇ ಕುಡಿದವರು ಬಹಳ ಜನರಿದ್ದರು, ಅವರ ಸಿಟ್ಟಿಗೆ ಕಾರಣವೂ ಇತ್ತು. ಅವಳು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಬದಿಗಿಟ್ಟು ಎರಡನೇ ತುತ್ತು ತಿಂದಳು. ಸಾರು ಕಲಸಿ ಮೂರನೆಯದನ್ನೂ ನುಂಗಿದಳು.

“ಕೈ ಇಡ್ರಿ,” ಎಂದರು ಇನಾಮದಾರ್.

“ಉಂಡು ಮುಗಿಸಲಿ ಸರ್.”

“ಮಧ್ಯಾಹ್ನ ಕೊಚ್ಚಿಯೊಳಗ ನೀವೂ ನಿಮ್ಮ ತಾಯಿಯವರೂ ಇಳೀರಿ. ಅಲ್ಲಿಂದ ಬರೋ ಹೊಸಬರು ಕೈ ಇಡ್ತಾರ. ಈ ನಾಲ್ಕು ತಾಸಿನಾಗ ಏನು ಗಳಿಸಿದ್ರಿ?”

ಪ್ರಫುಲ್ಲಾ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕುಳಿತಳು. ಮೇಲಿನ ಅಂತಸ್ತುಗಳಿಂದ ದೂರಿನ ಗಂಟೆಗಳು ಒಂದರ ಹಿಂದೆ ಒಂದು ಬಾರಿಸುತ್ತಲೇ ಇದ್ದವು.

ಲವೀನಾ ತಟ್ಟೆ ಖಾಲಿ ಮಾಡಿದಳು. ಮಾತ್ರೆ ನುಂಗಿ ನೀರು ಕುಡಿದಳು. ಬೆರಳುಗಳನ್ನು ತೊಳೆದು ತಟ್ಟೆಯನ್ನು ಗೂಡಂಗಡಿಯೊಳಗೆ ತಳ್ಳಿದಳು. ಆಮೇಲೆ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಮೆಲ್ಲಗೆ, ಆ ಹಾಸಿನ ಮೇಲೆಯೇ ಕುಳಿತಳು. ಕಾಲು ಚಾಚಿ ಚಪ್ಪಲಿ ಬಿಚ್ಚಿದಳು. ಪಾದದ ಮೇಲೆ ಪಟ್ಟಿಯ ಗುರುತು ಕೆಂಪಗೆ ಉಳಿದಿತ್ತು.

“ಏಳು,” ಎಂದಳು ಸೆವ್ರಿನ್ ಬಾಯಿ. “ಆರನೇ ಅಂತಸ್ತು ಉಂಟು. ಅಲ್ಲಿಯದು ಕೊಡಬಹುದು.”

ಲವೀನಾ ಕಾಲು ನೀವಿಕೊಳ್ಳುತ್ತಿದ್ದಳು.

“ಕೇಳಿಸಲಿಲ್ವಾ? ಜನ ಕಾಯ್ತಿದ್ದಾರೆ. ಏಳು.”

ಲವೀನಾ ಅತ್ತೆಯನ್ನು ನೋಡಿದಳು, ಚೀಲ ಹಿಡಿದ ಜನರನ್ನು ನೋಡಿದಳು.

“ಇಲ್ಲ ಮಾಂಯ್,” ಎಂದಳು. “ಏಳುದಿಲ್ಲ.”